ಮೂವತ್ತನೇ ದಿನದ ಆಕಾಶ

ನವನಗರದಾಗ, ಝೆರಾಕ್ಸ್ ಅಂಗಡಿ ಮಗ್ಗಲಕ್ಕ
ಎಂಟು ಬೈ ಹತ್ತರ ಖೋಲಿ, ಒಂದು ಕಂಪ್ಯೂಟರ್.
ಗಂಟಲಾಗ ಕಫ ಸಿಕ್ಕಾವರ ಹಂಗ ಅದರ ಫ್ಯಾನು.
ಇನ್ನೂ ಕಟ್ಟದ ಮನಿಗಳಿಗೆ
ನಾನು ಬಿಸಲು ಕೊಡಾಕಿ.
ಗ್ವಾಡಿಗೆ ಗಿಲಾವು, ಕಿಡಕಿಗೆ ಗಾಜು,
ಅಂಗಳಕ್ಕ ಒಂದು ಗಿಡ,
ಗಿಡದ ಬುಡಕ್ಕ ಮುಂಜಾನಿ ಒಂಬತ್ತರ ನೆರಳು.

ಹುಚ್ಚೇಶಪ್ಪ ಮುರನಾಳ ಬಂದು
ಸ್ಕ್ರೀನಿಗೆ ಮೂಗು ಹಚ್ಚಿ ನೋಡಿದ.
ಮನಿ ಛಂದ ಐತಿ. ಬಾಲ್ಕನಿ ಛಂದ ಐತಿ.
“ಮ್ಯಾಲ ಮುಗಲಾಗ ಏನವಾ ಅದು?
ಯಾರ ಹೆಸರು ಬರದೀ ನನ್ನ ಮನಿ ಮ್ಯಾಲ?”

ಹೆಸರಲ್ಲರಿ ಕಾಕಾ, ಟ್ರಯಲ್ ಅದು.
ಮೂವತ್ತು ದಿನ ಪುಕ್ಕಟೆ, ಇವತ್ತ ಇಪ್ಪತ್ತೊಂಬತ್ತು.
ರೊಕ್ಕ ಕಟ್ಟೂತನಕ ಆಕಾಶ ಕಂಪನಿದು.

“ಅಳಸು.”
ಅಳಸಾಕ ಬರೂದಿಲ್ಲ.
“ಹಂಗಾರ ಮೋಡ ಹಾಕಿ ಮುಚ್ಚು.”
ಮೋಡದ ಮ್ಯಾಲೂ ಬರತೈತ್ರಿ.

ಹೆಂಗ ತಿಳಿಸಿ ಹೇಳ್ಲಿ?
ಅಮೀನಗಡದಾಗ ಬಸ್ ನಿಂತಾಗ
ಕರದಂಟಿನ ಅಂಗಡ್ಯಾವ ಚಾಕುವಿನ ತುದಿಗೆ ಒಂದು ಚೂರು ಚಾಚತಾನಲಾ,
ಅದನ್ನ ಬಾಯಾಗ ಇಟಗೋಬೇಕು.
ಡಬ್ಬಿಗೆ ತುಂಬಿ ಬೀಗರ ಮನಿಗೆ ಒಯ್ಯಾಕಾಗೂದಿಲ್ಲ.

ಕಾಕಾ ನಕ್ಕ. “ನಾಳೆ ಮುಂಜಾನಿ ಬರತೀನಿ” ಅಂದು ಹ್ವಾದ.

ನಾ ಹೇಳಲಿಲ್ಲ. ಡ್ರಾವರಿನಾಗ ಇನ್ನೊಂದು ಕೀಲಿ ಐತಿ.
ಐತವಾರಕ್ಕೊಮ್ಮೆ ಜಮಖಂಡಿಗೆ ಹೋಗಿ
ಪಠಾಣ ಸರ್ ಕ್ಲಾಸಿನ್ಯಾಗ ಹುಡುಗರಿಗೆ ಕಲಸತೀನಿ,
ಅದರ ಸಲುವಾಗಿ ಕಂಪನಿ ಕೊಟ್ಟದ್ದು:
ಇಪ್ಪತ್ತೈದು ಅಕ್ಷರ, ಒಂದು ವರ್ಷ,
ಮುಗಲು ಪೂರಾ ಸ್ವಚ್ಛ.
ಕೆಳಗ ಸರ್ ಕೆಂಪು ಪೆನ್ನಿನಾಗ ಗೆರಿ ಎಳದಾರ:
ಮಾರಾಟಕ್ಕಲ್ಲ.
ಕೀಲಿ ಅಷ್ಟ ಅಲ್ಲ,
ಅದರಿಂದ ತಗದ ಚಿತ್ರಾನೂ ಮಾರಾಂಗಿಲ್ಲ.

ಹೊತ್ತು ಮುಳಗೂದ್ರಾಗ ನಮ್ಮವ್ವ
ಮಗ್ಗಲ ಮನಿಯಿಂದ ಹೆಪ್ಪು ತರತಿದ್ಲು.
ಹೆಪ್ಪಿಗೆ ಯಾರೂ ರೊಕ್ಕ ಕೇಳಲಿಲ್ಲ, ಯಾರೂ ಕೊಡಲಿಲ್ಲ.
“ಹೆಪ್ಪಿನಿಂದಾದ ಮೊಸರು ಮಾರಬಹುದಲಾ” ಅಂತು ಮನಸು.
ಮನಸು ಯಾವಾಗ ವಕೀಲಕಿ ಕಲೀತೋ!

ರಾತ್ರಿ ಹನ್ನೊಂದಕ್ಕ ಕೀಲಿ ಹಾಕಿದೆ.
ಹುಚ್ಚೇಶಪ್ಪನ ಮನಿ ತಗದೆ.
ಮೂರೂವರಿ ಸಾವಿರ, ಒಂದು ಬಟನ್,
ಬಟನ್ ಮ್ಯಾಲ ಬಾಣ.
ಸೊಳ್ಳಿ ಬತ್ತಿ ಅರ್ಧ ಸುಟ್ಟಿತು.
ಮುಚ್ಚಿಬಿಟ್ಟೆ.

ಹುಡುಗರಿಗೆ ಕಲಸಾಕಂತ ಕಟ್ಟಿದ್ದು ಒಂದಿತ್ತು,
ಹಿನ್ನೀರಿನಾಗ ಹ್ವಾದ ಕಿಲ್ಲಾ ಓಣಿ.
ಚಿಗವ್ವನ ಲಗ್ನದ ಆಲ್ಬಮ್ಮಿನಾಗ
ಬ್ಯಾಂಡಿನವರ ಹಿಂದ ಕಂಡಷ್ಟು ಗ್ವಾಡಿ,
ಉಳಿದದ್ದು ಮಂದಿ ಬಾಯಿಂದ.
ಅದಕ್ಕ ಬಿಸಲು ಹಚ್ಚಿ ಮಲಗಿದೆ.

ಮುಂಜಾನಿ ಕಾಕಾ ಬಂದಾಗ
ಸ್ಕ್ರೀನಿನಾಗ ಓಣಿ ಒಣಗಿ ನಿಂತಿತ್ತು,
ಒಂದು ಅಕ್ಷರ ಇಲ್ಲದ ಮುಗಲಿನ ಕೆಳಗ.

ಚಾ ತಣ್ಣಗಾತು.
“ನಳ ಎಡಕ್ಕಲ್ಲವಾ, ಬಲಕ್ಕ.
ಹರದಾಸರ ಕಟ್ಟಿ ಮುಂದ.”
ಆಮ್ಯಾಲ, ಕಿಸೆಕ್ಕ ಕೈ ಹಾಕಿ,
“ಇದಕ್ಕೆಷ್ಟು?”

ಇದು ಮಾರೂದಲ್ರಿ.
ನೋಡಬಹುದು, ಕಲೀಬಹುದು. ಮಾರಾಂಗಿಲ್ಲ.

“ಸೈಟಿನ ಹಕ್ಕುಪತ್ರದಾಗೂ ಹಿಂಗ ಇತ್ತು,
ಪರಭಾರೆ ಮಾಡತಕ್ಕದ್ದಲ್ಲ ಅಂತ.
ನೀರಿಗೆ ಮಾತ್ರ
ಯಾರೂ ಒಂದು ಕರಾರು ಓದಿ ಹೇಳಲಿಲ್ಲ.”

ಟೇಬಲ್ ಮ್ಯಾಲ ಎರಡು ಸಾವಿರ ಇಟ್ಟ,
ಅಡವಿಟ್ಟ ಬಂಗಾರಕ್ಕ ಕೊಟ್ಟಂಗ ಎಣಿಸಿ ಎಣಿಸಿ.
“ತಿಂಗಳದ್ದರ ತಗೋ.
ನನ್ನ ಮುಗಲು ಬಿಡಿಸು.”

ಲೈಸೆನ್ಸು ಸಂಜಿಗೆ ಬಂತು, ರಸೀದಿ ಸಮೇತ.
ಅದಕ್ಕೂ ಮೊದಲ
ನಳ ಬಲಕ್ಕ ಸರಿಸಿದೆ.